ದಣಪೆ ತೆಗೆದವರೇ ಹಾಕಬೇಕು

ಈ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :-) ಕಳೆದ ವಾರ ಊರಿಗೆ ಹೋಗಿ ಬಂದ ಮೇಲೆ ಮಾತ್ರ ಇದನ್ನು ಬರೆಯಲೇಬೇಕು ಅನ್ನಿಸಿತು.

ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಸಾಗರದಲ್ಲಿ ಇಳಿದು ಗೆಳೆಯನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಫಿ ಕುಡಿದೆ. ಅಲ್ಲಿಂದ ಬಟ್ಟೆಮಲ್ಲಪ್ಪದ ಮೇಲೆ ಹೊಸನಗರ ತಾಲ್ಲೂಕಿನ ನಮ್ಮ ಮನೆ. ಎರಡು ದಿನ ಬಿಟ್ಟು ತೀರ್ಥಹಳ್ಳಿಯಲ್ಲಿ ಅಕ್ಕನ ಮನೆ. ಮೂರೂ ಕಡೆ ಊಟ ಬೇರೆ ಬೇರೆ, ಮಾಡಿದ ಕೆಲಸ ಒಂದೇ... ಕಂಪ್ಯೂಟರ್ ನೋಡಿಕೊಡೋದು. ಬೆಂಗಳೂರಿನಲ್ಲಿ ಸರ್ವರ್ ಕಾಯುವ ಕೆಲಸದವನು ಊರಿಗೆ ಬಂದ ಅಂದ್ರೆ, ಡಾಕ್ಟರು ಮದುವೆ ಮನೆಗೆ ಬಂದ ಹಾಗೆ. ಎಲ್ಲರಿಗೂ ಆಗಲೇ ಕಾಯಿಲೆ ನೆನಪಾಗುತ್ತೆ.

ಈ ಮೂರು ಕಂಪ್ಯೂಟರುಗಳನ್ನು ಎಷ್ಟೋ ವರ್ಷದಿಂದ ನಾನು ಬೆಂಗಳೂರಿನಿಂದಲೇ ಆಗಾಗ ನೋಡಿಕೊಂಡಿದ್ದೇನೆ. ರಿಮೋಟ್ ಡೆಸ್ಕ್‌ಟಾಪ್ ಅಂತಾರಲ್ಲ, ಅದೇ. ಒಂದು ಕಂಪ್ಯೂಟರು ತನ್ನ ಪರದೆಯನ್ನು ದೂರದವನಿಗೆ ತೋರಿಸಿ, ಅವನ ಕೀಲಿಮಣೆ ಮತ್ತು ಮೌಸಿನ ಮಾತು ಕೇಳುವ ವ್ಯವಸ್ಥೆ. ತೋರಿಸುವ ಕಡೆ ಕೂತ ಪ್ರೋಗ್ರಾಮಿಗೆ ಸರ್ವರ್ ಅಂತ ಹೆಸರು. ಆ ಸರ್ವರನ್ನು ಮೆನು, ಬಟನ್ನುಗಳಿಂದ ನಡೆಸುವುದಕ್ಕಿಂತ ಕರಿ ಪರದೆಯ ಮೇಲೆ ಆಜ್ಞೆ ಬರೆದು, ಅಂದರೆ ಕಮಾಂಡ್ ಲೈನಿನಿಂದ ನಡೆಸುವುದೇ ನಮ್ಮ ಮಲೆನಾಡಿನಂಥ ಜಾಗಕ್ಕೆ ಸರಿ ಅನ್ನೋದು ನನ್ನ ವಾದ. ವೇಗ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಕೊನೆಗೆ ಹೇಳ್ತೀನಿ.

ಮೊದಲು ಸಾಗರದ ಕಥೆ.

ಇದು 2007ರ ಮಳೆಗಾಲ. ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ 2005ರಲ್ಲಿ ಶುರುವಾಗಿ ನಮ್ಮ ಕಡೆಯ ಪೇಟೆಗಳಿಗೂ ಬಂದಿತ್ತು. 256 ಕೆಬಿಪಿಎಸ್, ಆಗ ಅದೇ ದೊಡ್ಡದು. ಗೆಳೆಯನ ಪ್ರೆಸ್ಸಿನಲ್ಲಿ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್. ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಇತ್ತು (ಎಕ್ಸ್‌ಪಿ ಹೋಮ್‌ನಲ್ಲಿ ಇರಲಿಲ್ಲ, ಈಗಿನ ವಿಂಡೋಸ್ ಹೋಮ್‌ನಲ್ಲೂ ಇಲ್ಲ). ಒಂದು ಸಂಜೆ ಅವನ ಫೋನು. ಮಾರನೇ ದಿನದ ಮದುವೆಯ ಆಹ್ವಾನ ಪತ್ರಿಕೆ ಪ್ರಿಂಟರಿಗೆ ಹೋಗ್ತಾ ಇಲ್ಲ, ಸಾಲಿನಲ್ಲಿ ನಿಂತುಬಿಟ್ಟಿದೆ, ಅಳಿಸಿದರೂ ಹೋಗ್ತಿಲ್ಲ.

ನಾನು ಬೆಂಗಳೂರಿನಿಂದ ಅವನ ಪರದೆ ತೆರೆದೆ. ಡೆಸ್ಕ್‌ಟಾಪಿನಲ್ಲಿ ಜೋಗದ ದೊಡ್ಡ ಫೋಟೋ ಹಾಕಿಕೊಂಡಿದ್ದ ಪುಣ್ಯಾತ್ಮ! ಆ ನೀರು ಮೇಲಿಂದ ಕೆಳಗೆ ಒಂದೊಂದೇ ಪಟ್ಟಿಯಾಗಿ ಇಳಿಯುವುದನ್ನು ನೋಡ್ತಾ ಕೂತೆ. ನಿಜವಾದ ಜೋಗಕ್ಕೆ ಬಸ್ಸಲ್ಲಿ ಹೋಗಿ ಬರಬಹುದಿತ್ತು :-) ಬಣ್ಣ ಕಡಿಮೆ ಮಾಡಿದೆ, ಚಿತ್ರ ತೆಗೆಸಿದೆ, ಆದರೂ ಒಂದು ಮೆನು ತೆರೆಯಲು ಅರ್ಧ ನಿಮಿಷ. ಅಷ್ಟರಲ್ಲಿ ಸಾಗರದಲ್ಲಿ ಗುಡುಗು, ಸಂಪರ್ಕ ಕಟ್. ಮೊದಲ ಗುಡುಗಿಗೇ ಮೋಡೆಮ್ಮಿನ ವೈರು ಕಿತ್ತಿಡೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಬುದ್ಧಿವಂತಿಕೆ.

ಆಮೇಲೆ ಲ್ಯಾಂಡ್‌ಲೈನಿನಲ್ಲೇ ಹೇಳಿದೆ. "ಕರಿ ಪರದೆ ತೆಗಿ. ನೆಟ್, ಜಾಗ ಬಿಡು, ಸ್ಟಾಪ್, ಜಾಗ ಬಿಡು, ಸ್ಪೂಲರ್. ಎಂಟರ್ ಒತ್ತು." ಸ್ಪೂಲರ್ ಅಂದರೆ ಪ್ರಿಂಟಿಗೆ ಸಾಲು ನಿಲ್ಲಿಸುವ ಸೇವೆ. ಅದು ನಿಂತಿತು. ಅದರ ಫೋಲ್ಡರಿನಲ್ಲಿ ಕೂತಿದ್ದ ಹಳೇ ಫೈಲುಗಳನ್ನು ಇನ್ನೊಂದು ಆಜ್ಞೆಯಲ್ಲಿ ಅಳಿಸಿದ. "ಈಗ ನೆಟ್ ಸ್ಟಾರ್ಟ್ ಸ್ಪೂಲರ್." ಪ್ರಿಂಟರು ಎದ್ದು ಕೂತಿತು. ಒಟ್ಟು ನಾಲ್ಕು ನಿಮಿಷ. ಅದಕ್ಕೆ ಮುಂಚೆ ಜೋಗ ನೋಡುತ್ತಾ ಕಳೆದದ್ದು ಮುಕ್ಕಾಲು ಗಂಟೆ.

ಆವತ್ತು ಎರಡು ವಿಷಯ ತಲೆಗೆ ಹೋಯಿತು. ಒಂದು, ಚಿತ್ರ ಭಾರ, ಅಕ್ಷರ ಹಗುರ. ಎರಡನೆಯದು, ಆಜ್ಞೆಯನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳಬಹುದು. "ಎಡಗಡೆ ಮೇಲೆ ಒಂದು ಹಲ್ಲಿನ ಚಕ್ರ ಕಾಣುತ್ತಾ? ಇಲ್ವಾ? ಬಲಗಡೆ ನೋಡು" ಅಂತ ಯಾರಿಗಾದರೂ ಹೇಳಿ ನೋಡಿ, ನಿಮ್ಮ ರಕ್ತದೊತ್ತಡ ಏರುತ್ತದೆ. ಮೆನುಗಳು ಆವೃತ್ತಿಗೊಮ್ಮೆ ಜಾಗ ಬದಲಿಸುತ್ತವೆ. ಆಜ್ಞೆಗಳು ಅಷ್ಟು ಬೇಗ ಬದಲಾಗುವುದಿಲ್ಲ. ನೆಟ್ ಸ್ಟಾಪ್ ಸ್ಪೂಲರ್ ಇವತ್ತಿಗೂ ಹಾಗೇ ಇದೆ. (ಈ ಬರಹದಲ್ಲೂ ಆಜ್ಞೆಗಳನ್ನು ಫೋನಿನಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿಕೊಳ್ಳುವುದು ನಿಮ್ಮ ಪಾಲಿನ ಕೆಲಸ.)

ಈಗ ತೀರ್ಥಹಳ್ಳಿ. ಇದನ್ನು ನಗುತ್ತಾ ಬರೆಯೋಕೆ ಆಗಲ್ಲ.

ಭಾವನದು ಅಡಿಕೆ ವ್ಯಾಪಾರ. ಯಾರ ಮನೆಯಿಂದ ಎಷ್ಟು ಮೂಟೆ ಬಂತು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಯಾರಿಗೆ ಮುಂಗಡ ಕೊಟ್ಟಿದೆ... ಎಲ್ಲ ಲೆಕ್ಕ ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ. ರಾತ್ರಿ ಮನೆಯಿಂದಲೂ ಲೆಕ್ಕ ನೋಡಬೇಕು ಅಂತ ಒಬ್ಬರ ಹತ್ತಿರ ವ್ಯವಸ್ಥೆ ಮಾಡಿಸಿಕೊಂಡ. ಅವರು ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಚಾಲು ಮಾಡಿ, ರೂಟರಿನಲ್ಲಿ 3389 ಅನ್ನೋ ಬಾಗಿಲನ್ನು ನೇರ ಇಂಟರ್ನೆಟ್ಟಿಗೆ ತೆರೆದು ಹೋದರು. ಆ ಸರ್ವರಿನ ಮಾಮೂಲಿ ಬಾಗಿಲ ಸಂಖ್ಯೆ ಅದು. ಪಾಸ್‌ವರ್ಡು ಅಂಗಡಿಯ ಹೆಸರು, ಮುಂದೆ 123.

2019ರ ಒಂದು ಬೆಳಗ್ಗೆ ಅಂಗಡಿ ತೆಗೆದಾಗ ಎಲ್ಲ ಫೈಲಿನ ಹೆಸರಿನ ಬಾಲಕ್ಕೂ ಏನೋ ಅಂಟಿಕೊಂಡಿದೆ, ಒಂದೂ ತೆರೆಯುತ್ತಿಲ್ಲ. ಪರದೆಯ ಮೇಲೆ ದುಡ್ಡು ಕೇಳುವ ಚೀಟಿ. ಭಾವ ದುಡ್ಡು ಕೊಡಲಿಲ್ಲ. ಬ್ಯಾಕಪ್ ಅಂತ ಇದ್ದ ಎರಡನೇ ಡಿಸ್ಕೂ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು, ಅದೂ ಹೋಯಿತು. ಆರು ವರ್ಷದ ಲೆಕ್ಕ. ಅಕ್ಕ, ಭಾವ ಇಬ್ಬರೂ ಎರಡು ತಿಂಗಳು ರಾತ್ರಿ ಕೂತು ಹಳೇ ಚೀಟಿಗಳಿಂದ ಮತ್ತೆ ಬರೆದರು. ಚೀಟಿ ಸಿಗದ ಕಡೆ ಬೆಳೆಗಾರರು ಹೇಳಿದ ಲೆಕ್ಕವನ್ನೇ ನಂಬಿದರು. "ಹೆಚ್ಚಿನವರು ಸರಿಯಾಗೇ ಹೇಳಿದ್ರು" ಅಂದ ಭಾವ. ಆ 'ಹೆಚ್ಚಿನವರು' ಅನ್ನೋ ಮಾತಿನಲ್ಲಿ ಎಲ್ಲ ಇದೆ.

ತೀರ್ಥಹಳ್ಳಿ ಎಲ್ಲಿದೆ ಅಂತಲೂ ಗೊತ್ತಿಲ್ಲದವನು ಭಾವನ ಅಂಗಡಿಗೆ ಯಾಕೆ ಬಂದ? ಅವನು ಭಾವನನ್ನು ಹುಡುಕಿಕೊಂಡು ಬರಲಿಲ್ಲ. ಇಂಟರ್ನೆಟ್ಟಿನ ಪ್ರತಿ ವಿಳಾಸದ ಮುಂದೆಯೂ ನಿಂತು 3389 ತೆರೆದಿದೆಯಾ ಅಂತ ತಟ್ಟಿ ನೋಡುವ ಪ್ರೋಗ್ರಾಮುಗಳು ಹಗಲು ರಾತ್ರಿ ಓಡುತ್ತಿರುತ್ತವೆ. ತೆರೆದ ಬಾಗಿಲುಗಳನ್ನು ಪಟ್ಟಿ ಮಾಡಿ ತೋರಿಸುವ ಶೋಡಾನ್ ಅನ್ನೋ ಹುಡುಕುಯಂತ್ರ 2009ರಿಂದಲೇ ಇದೆ. ಅದೇ 2019ರ ಮೇ ತಿಂಗಳಲ್ಲಿ ವಿಂಡೋಸಿನ ಈ ಸೇವೆಯಲ್ಲೇ ಬ್ಲೂಕೀಪ್ ಅನ್ನೋ ತೂತು ಬಯಲಾಯಿತು. ಪಾಸ್‌ವರ್ಡೇ ಇಲ್ಲದೆ ಒಳಗೆ ಬರಬಹುದಾದ ತೂತು. ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತು, ಅಷ್ಟು ಗಂಭೀರ. ಬಾಗಿಲ ಸಂಖ್ಯೆ ಬದಲಿಸಿದರೆ ಸಾಕು ಅನ್ನುವವರಿದ್ದಾರೆ. ಮನೆ ನಂಬರಿನ ಫಲಕ ಬದಲಿಸಿದರೆ ಕಳ್ಳ ಬರಲ್ಲ ಅಂದ ಹಾಗೆ.

ನಮ್ಮೂರಿನಲ್ಲಿ ದಣಪೆ ಅಂತ ಇರುತ್ತೆ, ಬಯಲುಸೀಮೆಯವರಿಗೆ ಹೇಳ್ತೀನಿ. ತೋಟದ, ಅಂಗಳದ ಬಾಯಲ್ಲಿ ಎರಡು ಕಂಬ, ಅದಕ್ಕೆ ತೂತು, ಅಡ್ಡಕ್ಕೆ ಸರಿಸುವ ಗಳಗಳು. ಒಳಗೆ ಹೋಗುವವರು ಗಳ ಸರಿಸಿ ದಾಟಿ ಮತ್ತೆ ಹಾಕಬೇಕು. ದಣಪೆ ಹಾಕದೆ ಹೋದರೆ ಸಂಜೆಯೊಳಗೆ ದನ ತೋಟದಲ್ಲಿರುತ್ತೆ. ಆ ದನಕ್ಕೆ ನಿಮ್ಮ ಮೇಲೆ ದ್ವೇಷ ಏನಿಲ್ಲ. ತೆರೆದಿತ್ತು, ಬಂತು. ದಣಪೆ ತೆಗೆದವರೇ ಹಾಕಬೇಕು ಅನ್ನೋದು ಮಕ್ಕಳಿಗೂ ಕಲಿಸುವ ಪಾಠ. ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಅಂದರೆ ದಣಪೆ, ಬೇರೆ ಏನೂ ಅಲ್ಲ.

ಕಮಾಂಡ್ ಲೈನ್ ಉಪಯೋಗಕ್ಕೆ ಬರೋದು ಇಲ್ಲೇ. ಭಾವನ ಕಂಪ್ಯೂಟರಿನಲ್ಲಿ ಈಗ ರಿಮೋಟ್ ಡೆಸ್ಕ್‌ಟಾಪ್ ಮಾಮೂಲಾಗಿ ಮುಚ್ಚಿಯೇ ಇರುತ್ತೆ. ರೂಟರಿನ ಬಾಗಿಲು ಕಾಯಂ ಬಂದ್. ತೆರೆದಿರೋದು ಎಸ್‌ಎಸ್‌ಎಚ್ ಒಂದೇ, ಅದೂ ಪಾಸ್‌ವರ್ಡಿಗೆ ಬಗ್ಗದ, ಬೀಗದ ಕೈ ಫೈಲು ಇದ್ದವರಿಗೆ ಮಾತ್ರ. ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ, ಫಿನ್‌ಲೆಂಡಿನಲ್ಲಿ. ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿಸಿಕೊಂಡಿದ್ದಕ್ಕೆ ತತು ಇಲೋನೆನ್ ಅನ್ನುವವರು ಬರೆದದ್ದು. ಹಿಂದೆ ವಿಂಡೋಸಿನಲ್ಲಿ ಅದನ್ನು ಹಾಕಲು ಸರ್ಕಸ್ ಮಾಡಬೇಕಿತ್ತು, 2018ರ ನಂತರದ ವಿಂಡೋಸ್ 10ರಲ್ಲಿ ಅದರ ಗಿರಾಕಿ ಪ್ರೋಗ್ರಾಂ ಜೊತೆಗೇ ಬಂತು, ಸರ್ವರನ್ನು ಐಚ್ಛಿಕವಾಗಿ ಸೇರಿಸಿಕೊಳ್ಳಬಹುದು.

ಡೆಸ್ಕ್‌ಟಾಪ್ ಬೇಕೇ ಬೇಕು ಅಂದಾಗ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಒಂದು ಆಜ್ಞೆ. ರಿಜಿಸ್ಟ್ರಿಯಲ್ಲಿ 'ಎಫ್ ಡಿನೈ ಟಿಎಸ್ ಕನೆಕ್ಷನ್ಸ್' ಅನ್ನೋದಕ್ಕೆ 0 ಹಾಕಿದರೆ ತೆರೆಯುತ್ತೆ, 1 ಹಾಕಿದರೆ ಮುಚ್ಚುತ್ತೆ. ಹೆಸರೇ 'ತಡೆ' ಅಂತ ಇರುವುದರಿಂದ ಸೊನ್ನೆ ಅಂದರೆ ತಡೆ ಇಲ್ಲ ಅಂತ ಅರ್ಥ. ಮೊದಮೊದಲು ನಾನೂ ಉಲ್ಟಾ ಮಾಡಿದ್ದೇನೆ :-) ಪರದೆ ಎಸ್‌ಎಸ್‌ಎಚ್ ಸುರಂಗದ ಒಳಗಿಂದಲೇ ಬರುತ್ತೆ, ಹೊರಗಿನವರಿಗೆ 3389 ಕಾಣುವುದೇ ಇಲ್ಲ. ಕ್ಯೂವಿನ್‌ಸ್ಟಾ ಅಂತ ಬರೆದರೆ ಈಗ ಒಳಗೆ ಯಾರ್ಯಾರು ಇದ್ದಾರೆ ಅನ್ನೋ ಪಟ್ಟಿ. ಲಾಗಾಫ್ ಅಂತ ಬರೆದು ಮುಂದೆ ಅವರ ಸಂಖ್ಯೆ ಹಾಕಿದರೆ ಹೊರಗೆ. ಕೆಲಸ ಮುಗಿದ ಮೇಲೆ ಮತ್ತೆ 1. ಗಳ ಹಾಕಿ ಆಯ್ತು.

ಬರೀ ಆಜ್ಞೆಯಿಂದ ಭದ್ರತೆ ಬಂತು ಅಂತ ನಾನು ಹೇಳ್ತಿಲ್ಲ. ಮೆನುವಿನಿಂದಲೂ ಮುಚ್ಚಬಹುದು. ಆದರೆ ಆರು ಕ್ಲಿಕ್ ಮಾಡಿ ತೆರೆದದ್ದನ್ನು ಮತ್ತೆ ಆರು ಕ್ಲಿಕ್ ಮಾಡಿ ಮುಚ್ಚುವವರು ಯಾರಿದ್ದಾರೆ? ಒಂದೇ ಸಾಲಾದರೆ ಮುಚ್ಚುತ್ತೇವೆ. ಗಳ ಹಗುರ ಇದ್ದರೆ ತಾನೇ ದಣಪೆ ಹಾಕೋದು?

ಇನ್ನು ನಮ್ಮ ಮನೆ. ಹೊಸನಗರ ಪೇಟೆಯಿಂದ ಒಳಗೆ, ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳುವ ಜಾಗ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ನಾನೂ ಅಲ್ಲೇ ಇದ್ದೆ. ಶರಾವತಿ ಹಿನ್ನೀರಿನ ಆಚೀಚೆ ಎಷ್ಟೋ ಹುಡುಗರು ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ ಕಾಲ. ಬೆಂಗಳೂರಿನ ಬೆಳಕಿಗೆ ಅಂತ ಲಿಂಗನಮಕ್ಕಿಯಲ್ಲಿ ಊರುಗಳನ್ನೇ ಮುಳುಗಿಸಿಕೊಂಡ ಸೀಮೆಗೆ ಒಂದು ಟವರು ಸರಿಯಾಗಿ ಸಿಗಲಿಲ್ಲ ಅನ್ನೋದು ಬೇರೆಯೇ ಬರಹದ ವಿಷಯ, ಇರಲಿ. ಗುಡ್ಡದ ಮೇಲೆ ಕೊಡೆ ಹಿಡಿದು ಕೂತವನಿಗೆ ಆಫೀಸಿನ ಡೆಸ್ಕ್‌ಟಾಪ್ ಚಿತ್ರವಾಗಿ ಬರುವುದೇ ಇಲ್ಲ. ಅಕ್ಷರ ಬರುತ್ತೆ. ಮೋಶ್ ಅಂತ ಒಂದು ಪ್ರೋಗ್ರಾಂ ಇದೆ, 2012ರಲ್ಲಿ ಎಂಐಟಿಯವರು ಮಾಡಿದ್ದು. ಸಿಗ್ನಲ್ ಹೋಗಿ ಹತ್ತು ನಿಮಿಷ ಬಿಟ್ಟು ಬಂದರೂ ಸಂಪರ್ಕ ಬಿಟ್ಟಲ್ಲಿಂದಲೇ ಮುಂದುವರಿಯುತ್ತೆ. ಆ ಕಡೆ ಟಿಮಕ್ಸ್ ಹಾಕಿಟ್ಟರೆ ಲ್ಯಾಪ್‌ಟಾಪ್ ಬ್ಯಾಟರಿ ಸತ್ತರೂ ಕೆಲಸ ಅಲ್ಲಿ ನಡೆಯುತ್ತಿರುತ್ತೆ. ಆ ವರ್ಷ ನನ್ನ ನೌಕರಿ ಉಳಿಸಿದ್ದು ಈ ಎರಡು.

ಈಗ ನಾನು ವಾಪಸ್ಸು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಅಲ್ಲಿ. ಅಪ್ಪನ ಕಂಪ್ಯೂಟರಿನಲ್ಲಿ ಉಬುಂಟು ಹಾಕಿಕೊಟ್ಟಿದ್ದೇನೆ. ಅದರ ಪರದೆ ನೋಡೋಕೆ ವಿಎನ್‌ಸಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದಲ್ಲಿ ಹುಟ್ಟಿ 1998ರಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಕ್ವೆಂಟಿನ್ ಸ್ಟಾಫರ್ಡ್-ಫ್ರೇಜರ್, 1991ರಲ್ಲಿ ಕೇಂಬ್ರಿಜ್‌ನ ಕಂಪ್ಯೂಟರ್ ಪ್ರಯೋಗಾಲಯದ ಕಾಫಿ ಪಾತ್ರೆಗೆ ಕ್ಯಾಮೆರಾ ಇಟ್ಟು ಕಾಫಿ ಮುಗಿದಿದೆಯಾ ಅಂತ ಕೂತಲ್ಲೇ ನೋಡುವ ಹಾಗೆ ಮಾಡಿದವರಲ್ಲೂ ಒಬ್ಬರು. ಸೋಮಾರಿಗಳೇ ಲೋಕೋದ್ಧಾರಕರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ವಿಎನ್‌ಸಿಯ ಹಳೇ ಪದ್ಧತಿಯಲ್ಲಿ ಪಾಸ್‌ವರ್ಡಿನ ಮೊದಲ 8 ಅಕ್ಷರ ಮಾತ್ರ ಲೆಕ್ಕ, ಉಳಿದದ್ದು ಗಾಳಿಗೆ. ಪರದೆಯೂ ಗುಟ್ಟಿಲ್ಲದೆ ಹರಿಯುತ್ತೆ. ಆದ್ದರಿಂದ ಅದನ್ನು ಎಸ್‌ಎಸ್‌ಎಚ್ ಸುರಂಗದೊಳಗೇ ಇಡಬೇಕು. ಆದರೆ ಅಪ್ಪನ ಮನೆಗೆ ನಾನು ಹೊರಗಿಂದ ನೇರ ಹೋಗುವ ಹಾಗಿಲ್ಲ. ಒಂದೇ ಹೊರ ವಿಳಾಸವನ್ನು ಕಂಪನಿಯವರು ಎಷ್ಟೋ ಮನೆಗೆ ಹಂಚಿರುತ್ತಾರೆ. ಹಾಗಾಗಿ ಮನೆಯೇ ನನಗೆ ಫೋನ್ ಮಾಡಬೇಕು. ಎಸ್‌ಎಸ್‌ಎಚ್ ಮೈನಸ್ ದೊಡ್ಡ ಆರ್ ಅಂತ ಬರೆದರೆ ಮನೆಯ ಕಂಪ್ಯೂಟರು ನಾನು ಬಾಡಿಗೆಗೆ ಹಿಡಿದ ಸರ್ವರಿಗೆ ಕರೆ ಮಾಡಿ, ತನ್ನ ಒಂದು ಬಾಗಿಲನ್ನು ಅಲ್ಲಿ ತಂದಿಡುತ್ತೆ. ನಾನು ಅಲ್ಲಿ ಹೋಗಿ ಬಾಗಿಲು ತಟ್ಟಬೇಕು.

ಮೊದಲು ನಾನು ಮಾಡಿದ ತಪ್ಪು ಇಲ್ಲಿದೆ. ಕರ್ಲ್ ರುಂಗೆ ಅನ್ನುವವರು ಬರೆದ ಎಕ್ಸ್ 11 ವಿಎನ್‌ಸಿ ಅನ್ನೋ ಸರ್ವರನ್ನು ಹಾಕಿದ್ದೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಹೇಳಿಕೊಡುವ ಹಾಗೆ ಅದರ ಮುಂದೆ 'ಮೈನಸ್ ಫಾರೆವರ್' ಅಂತ ಬರೆದಿದ್ದೆ. ಫಾರೆವರ್ ಅಂದರೆ ಯಾವಾಗಲೂ ತೆರೆದೇ ಇರು. ಯಾವಾಗ ಬೇಕಾದರೂ ಹೋಗಿ ಅಪ್ಪನ ಪರದೆ ನೋಡುತ್ತಿದ್ದೆ, ಸಾಫ್ಟ್‌ವೇರ್ ಹೊಸದು ಮಾಡುತ್ತಿದ್ದೆ, ಬೇಡದ ಫೈಲು ಅಳಿಸುತ್ತಿದ್ದೆ. ಉಪಕಾರ ಮಾಡ್ತಿದ್ದೀನಿ ಅನ್ನೋ ಹೆಮ್ಮೆ ಬೇರೆ.

ಒಂದು ದಿನ ಅಮ್ಮ ಫೋನಿನಲ್ಲಿ ಹೇಳಿದಳು. "ಅಪ್ಪ ಈಗ ಕಂಪ್ಯೂಟರ್ ಮುಂದೆ ಕೂರೋದು ಕಮ್ಮಿ ಮಾಡಿದ್ದಾರೆ. ಮೊನ್ನೆ ಏನೋ ಬರೀತಿದ್ರಂತೆ, ಬಾಣದ ಗುರುತು ತನ್ನಷ್ಟಕ್ಕೇ ಓಡಿತಂತೆ. ಇವನು ನೋಡ್ತಾ ಇರ್ತಾನೆ ಮಾರಾಯ್ತಿ, ಬರೆಯೋಕೆ ನಾಚಿಕೆ ಆಗುತ್ತೆ ಅಂದ್ರು."

ಅಪ್ಪ ಬರೀತಿದ್ದದ್ದು ತಮ್ಮ ಬಾಲ್ಯದ ನೆನಪುಗಳನ್ನು. ನನಗೆ ಅದು ಗೊತ್ತೇ ಇರಲಿಲ್ಲ. ಭಾವನ ಅಂಗಡಿಗೆ ನುಗ್ಗಿದವನನ್ನು ಎಷ್ಟು ಬೈದಿದ್ದೆ! ಅಪ್ಪನ ತೋಟಕ್ಕೆ ದಣಪೆ ತೆರೆದಿಟ್ಟು ಒಳಗೆ ಮೇಯುತ್ತಿದ್ದ ದನ ನಾನೇ ಆಗಿದ್ದೆ.

ಮಾರನೇ ದಿನ ಕೈಪಿಡಿಯನ್ನು ಮೊದಲಿಂದ ಓದಿದೆ. ಆಗ ಗೊತ್ತಾಗಿದ್ದು, ಎಕ್ಸ್ 11 ವಿಎನ್‌ಸಿ ಮಾಡಿದವರು ಅದನ್ನು ಸಭ್ಯವಾಗಿಯೇ ಮಾಡಿದ್ದರು ಅಂತ. ಏನೂ ಹೇಳದಿದ್ದರೆ ಅದು ಒಬ್ಬ ಬಂದು ಹೋದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತೆ. ಫಾರೆವರ್ ಅನ್ನೋದು ನಾವು ಸೇರಿಸಿದ್ದು. ಅದಲ್ಲದೆ 'ಮೈನಸ್ ಎಕ್ಸೆಪ್ಟ್ ಪಾಪಪ್' ಅಂತ ಬರೆದರೆ, ಯಾರಾದರೂ ಬಂದಾಗ ಮನೆಯವರ ಪರದೆಯಲ್ಲಿ ಒಂದು ಪೆಟ್ಟಿಗೆ ಬಂದು ಒಳಗೆ ಬಿಡಲಾ, ಬೇಡವಾ, ನೋಡೋಕೆ ಮಾತ್ರ ಬಿಡಲಾ ಅಂತ ಕೇಳುತ್ತೆ. 'ಮೈನಸ್ ಟೈಮೌಟ್ 300' ಅಂದರೆ ಐದು ನಿಮಿಷದಲ್ಲಿ ಯಾರೂ ಬರದಿದ್ದರೆ ಮುಚ್ಚುತ್ತೆ. 'ಮೈನಸ್ ಲೋಕಲ್‌ಹೋಸ್ಟ್' ಅಂದರೆ ಸುರಂಗದ ಮೂಲಕ ಬಿಟ್ಟು ಬೇರೆ ಕಡೆಯಿಂದ ಬರುವಂತಿಲ್ಲ. ಓಡುತ್ತಿರುವಾಗಲೇ ಇನ್ನೊಂದು ಕರಿ ಪರದೆಯಿಂದ ಎಕ್ಸ್ 11 ವಿಎನ್‌ಸಿ ಮೈನಸ್ ದೊಡ್ಡ ಆರ್ ಮುಂದೆ ಸ್ಕೇಲ್ ಕೋಲನ್ ಒಂದು ಭಾಗಿಸು ಎರಡು ಅಂತ ಬರೆದರೆ ಚಿತ್ರ ಅರ್ಧಕ್ಕಿಳಿದು ಹಗುರವಾಗುತ್ತೆ. ಅಲ್ಲೇ ಸ್ಟಾಪ್ ಅಂತ ಬರೆದರೆ ಸರ್ವರೇ ಬಂದ್. (ಇದು ಹಳೇ ಎಕ್ಸ್ 11 ಪರದೆಗೆ. ವೇಲ್ಯಾಂಡ್ ಇರುವ ಹೊಸ ಗ್ನೋಮ್‌ನಲ್ಲಿ 2022ರ ಆವೃತ್ತಿ 42ರಿಂದ ಜಿಆರ್‌ಡಿಸಿಟಿಎಲ್ ಅನ್ನೋ ಆಜ್ಞೆ ಇದೆ, ಅದರಲ್ಲೂ ತೆರೆಯೋದು ಮುಚ್ಚೋದು ಒಂದೊಂದು ಸಾಲು.)

ಇವನ್ನೆಲ್ಲ ಸೇರಿಸಿ ಎರಡು ಪುಟ್ಟ ಸ್ಕ್ರಿಪ್ಟು ಬರೆದೆ. ಒಂದರ ಹೆಸರು 'ಬಾ', ಇನ್ನೊಂದು 'ಹೋಗು'. ಅಪ್ಪ ಕರಿ ಪರದೆ ತೆರೆದು ಬಾ ಅಂತ ಬರೆದರೆ ಮನೆಯ ಕಂಪ್ಯೂಟರು ನನ್ನ ಸರ್ವರಿಗೆ ಕರೆ ಮಾಡಿ ಪರದೆ ತೆರೆಯುತ್ತೆ. ನಾನು ಬಂದಾಗ ಅಪ್ಪ ಒಪ್ಪಬೇಕು. ಹೋಗು ಅಂದರೆ ಸುರಂಗ, ಸರ್ವರು ಎರಡೂ ಬಂದ್, ನಾನು ಮಧ್ಯದಲ್ಲಿ ಏನು ಮಾಡುತ್ತಿದ್ದರೂ ಸರಿ. ಕೊನೆಗೆ ಹೇಳ್ತೀನಿ ಅಂದಿದ್ದ ದೊಡ್ಡ ಕಾರಣ ಇದೇ. ಬಟನ್ನುಗಳನ್ನು ಮಾಡಿದವರು ಎಲ್ಲಿ ಇಟ್ಟಿದ್ದಾರೋ ಅಲ್ಲೇ ಇರುತ್ತವೆ. ಆಜ್ಞೆಗಳನ್ನು ನಾವು ನಮ್ಮ ಮನೆಯ ಮಾತಿಗೆ ಇಳಿಸಿ, ಮನೆಯವರ ಕೈಗೇ ಕೊಡಬಹುದು. ಸರ್ವರ್ ನಿಯಂತ್ರಣ ಅಂದರೆ ಬೆಂಗಳೂರಿನಲ್ಲಿ ಕೂತವನ ಹಿಡಿತ ಅಂತ ನಾನು ತಿಳಿದಿದ್ದೆ. ಯಂತ್ರದ ಮುಂದೆ ಕೂತವರ ಹಿಡಿತ ಅದಾಗಬೇಕು.

ಕಮಾಂಡ್ ಲೈನಿಗೂ ಕೊರತೆ ಇದೆ, ಮುಚ್ಚಿಡಲ್ಲ. ಕರಿ ಪರದೆಗೆ ಕನ್ನಡ ಇನ್ನೂ ಸರಿಯಾಗಿ ಬರಲ್ಲ. ಎಷ್ಟೋ ಟರ್ಮಿನಲ್ಲುಗಳಲ್ಲಿ ಒತ್ತಕ್ಷರ ಒಂದು ಕಡೆ, ಗುಣಿತ ಇನ್ನೊಂದು ಕಡೆ. ಅಪ್ಪನ ಕನ್ನಡ ಹೆಸರಿನ ಫೈಲುಗಳ ಪಟ್ಟಿ ನೋಡಿದರೆ ಅಳು ಬರುತ್ತೆ. ಅದಕ್ಕೇ ನನ್ನ 'ಬಾ', 'ಹೋಗು' ಕೂಡ ಇಂಗ್ಲಿಷ್ ಅಕ್ಷರದಲ್ಲಿವೆ. ಕನ್ನಡ ಸರಿಯಾಗಿ ಕಾಣಬೇಕಾದರೆ ಚಿತ್ರವೇ ಬೇಕು, ಅಂದರೆ ಡೆಸ್ಕ್‌ಟಾಪೇ ಬೇಕು. ಇನ್ನೊಂದು ಕಿವಿಮಾತು, ದೂರದ ಪರದೆಯಲ್ಲಿ ಕನ್ನಡ ಟೈಪಿಸುವಾಗ ನಿಮ್ಮ ಕಡೆಯ ಕನ್ನಡ ಕೀಲಿಮಣೆ ಆರಿಸಿಡಿ, ಆ ಕಡೆಯ ಐಬಸ್ಸೋ ಮತ್ತೊಂದೋ ಚಾಲು ಮಾಡಿ. ಇಲ್ಲದಿದ್ದರೆ ಅಕ್ಷರ ದಾರಿಯಲ್ಲೇ ಕಲಸಿಹೋಗಬಹುದು.

"ಇಷ್ಟೆಲ್ಲ ಯಾಕೆ, ಟೀಮ್‌ವ್ಯೂವರೋ ಎನಿಡೆಸ್ಕೋ ಹಾಕಿದರೆ ಆಗಲ್ವಾ?" ಅಂತ ಕೇಳ್ತೀರಿ. ಆಗುತ್ತೆ, ನಾನೂ ಬಳಸಿದ್ದೇನೆ. ತಂತ್ರದಲ್ಲಿ ತಪ್ಪಿಲ್ಲ. ಆದರೆ ನಂಬರು ಓದಿ ಹೇಳಿದರೆ ಸಾಕು ಅನ್ನುವ ಆ ಸುಲಭವನ್ನೇ ಮೋಸಗಾರರು ಹಿಡಿದುಕೊಂಡರು. ಫೋನಿಗೆ ಎನಿಡೆಸ್ಕ್ ಹಾಕಿಸಿ, ಅದರ 9 ಅಂಕಿಯ ನಂಬರು ಕೇಳಿ, ಬ್ಯಾಂಕ್ ಖಾತೆ ಬರಿದು ಮಾಡ್ತಾರೆ ಅಂತ 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಬೇಕಾಯಿತು. ಬಾಗಿಲು ತೆರೆಯೋದು ಅಂದರೆ ಏನು ಅಂತ ತಿಳಿಸದೆ, ಬರೀ ತೆರೆಯುವ ಸುಲಭ ಕೊಟ್ಟರೆ ಹೀಗೇ.

ನಮ್ಮ ಮನೆಗೂ ಅಂಥ ಕರೆ ಬಂತಂತೆ, ನಿಮ್ಮ ಖಾತೆ ಬಂದ್ ಆಗುತ್ತೆ, ಒಂದು ಆಪ್ ಹಾಕಿಕೊಳ್ಳಿ, ನಾವೇ ಬಂದು ಸರಿ ಮಾಡ್ತೀವಿ ಅಂತ. ಕಳೆದ ವಾರ ಜಗಲಿಯಲ್ಲಿ ಕೂತು ಅಪ್ಪ ಹೇಳಿದರು. "ಬಾ ಅನ್ನೋದು ನಾನು ಮಾರಾಯಾ, ನೀನಲ್ಲ ಅಂದು ಫೋನ್ ಇಟ್ಟೆ."

ಹೊರಡುವ ಹಿಂದಿನ ರಾತ್ರಿ ಅಪ್ಪನ ಕಂಪ್ಯೂಟರಿನಲ್ಲಿ ಇನ್ನೊಂದು ಸಣ್ಣ ಕೆಲಸ ಮಾಡಿದೆ. ಕರೆಂಟು ಹೋಗಿ ಬಂದಾಗ ತಾನೇ ಎದ್ದುಕೊಳ್ಳುವ ಹಾಗೆ ಬಯೋಸ್‌ನಲ್ಲಿ ಬದಲಿಸಿದೆ. ಆದರೆ 'ಬಾ' ತಾನೇ ಓಡುವ ಹಾಗೆ ಮಾಡಲಿಲ್ಲ. ಅದು ಅಪ್ಪನ ಕೆಲಸ.

ನೀವೂ ಊರಿನ ಮನೆಯ ಕಂಪ್ಯೂಟರಿಗೆ ಏನಾದರೂ ಹಾಕಿಟ್ಟು ಬಂದಿದ್ದರೆ, ಈ ವಾರ ಒಮ್ಮೆ ನೋಡಿ. ಫಾರೆವರ್ ಅಂತ ಎಲ್ಲಾದರೂ ಬರೆದಿದ್ದೀರಾ? ಬರೆದಿದ್ದರೆ ಅಳಿಸಿ, ಆಮೇಲೆ ಅಪ್ಪ ಅಮ್ಮನಿಗೆ ಒಂದು ಫೋನ್ ಮಾಡಿ. ಅಪ್ಪನ ನೆನಪಿನ ಬರಹ ಎಷ್ಟು ಪುಟ ಆಗಿದೆ ಅಂತ ನನಗೆ ಗೊತ್ತಿಲ್ಲ. ಅವರು ಕರೆದಾಗ ಓದ್ತೀನಿ.